ಹಾಲು ಬಿಡಿಸದೆ ಖಿನ್ನತೆಯ ಮಾತ್ರೆ: ಬಾಣಂತಿಗೂ ಮನೆಯವರಿಗೂ ಒಂದು ಕೈಪಿಡಿ

ಹೆರಿಗೆಯ ನಂತರದ ಖಿನ್ನತೆಗೆ ವೈದ್ಯರು ಮಾತ್ರೆ ಬರೆದುಕೊಟ್ಟ ದಿನ ಮನೆಯಲ್ಲಿ ಕಾಯಿಲೆಯ ಮಾತು ಹಿಂದೆ ಸರಿದು ಹಾಲಿನ ಮಾತು ಮುಂದೆ ಬರುತ್ತದೆ. ‘ಇದನ್ನು ನುಂಗಿ ಮಗುವಿಗೆ ಹಾಲು ಕೊಡಬಹುದೇ?’ ಎಂದು ಬಾಣಂತಿ ಕೇಳುತ್ತಾಳೆ. ‘ಹಾಲು ಬಿಡಿಸುವ ತನಕ ಹೇಗಾದರೂ ತಡೆದುಕೋ, ಆಮೇಲೆ ನೋಡೋಣ’ ಎಂದು ಹಿರಿಯರು ಹೇಳುತ್ತಾರೆ. ಮಾತ್ರೆ, ಹಾಲು ಎರಡರಲ್ಲಿ ಒಂದನ್ನು ಬಿಡಲೇಬೇಕು ಎಂಬ ಈ ಲೆಕ್ಕಾಚಾರದಲ್ಲಿ ಎಷ್ಟೋ ಮನೆಗಳಲ್ಲಿ ವೈದ್ಯರ ಚೀಟಿ ಬೀರುವಿನೊಳಗೇ ಉಳಿದುಬಿಡುತ್ತದೆ. ಬಹುಪಾಲು ತಾಯಂದಿರ ಮಟ್ಟಿಗೆ ಈ ಲೆಕ್ಕ ತಪ್ಪು. ತಿಂಗಳು ತುಂಬಿ ಹುಟ್ಟಿದ, ಆರೋಗ್ಯವಾಗಿರುವ ಮಗುವಿದ್ದರೆ ಖಿನ್ನತೆಗೆ ಸಾಮಾನ್ಯವಾಗಿ ಬರೆಯುವ ಮಾತ್ರೆಗಳಲ್ಲಿ ಹೆಚ್ಚಿನವನ್ನು ಹಾಲೂಡಿಸುತ್ತಲೇ ತೆಗೆದುಕೊಳ್ಳಬಹುದು. ಆದರೆ ಅದಕ್ಕೊಂದು ಕ್ರಮವಿದೆ: ಯಾವ ಮಾತ್ರೆ, ಎಷ್ಟು, ಜೊತೆಗೆ ಬೇರೆ ಏನೇನು ಹೊಟ್ಟೆಗೆ ಹೋಗುತ್ತಿದೆ, ಮಗುವಿನಲ್ಲಿ ಏನನ್ನು ಗಮನಿಸಬೇಕು, ಯಾವಾಗ ಮತ್ತು ಹೇಗೆ ನಿಲ್ಲಿಸಬೇಕು ಎಂಬುದನ್ನು ತಿಳಿದಿರಬೇಕು. ಮಾತ್ರೆಯ ಆಯ್ಕೆ ನಿಮ್ಮನ್ನು ನೋಡಿದ ವೈದ್ಯರದ್ದು. ಅವರ ಮುಂದೆ ಏನನ್ನು ಇಡಬೇಕು, ಅವರನ್ನು ಏನು ಕೇಳಬೇಕು ಎಂಬುದಷ್ಟೇ ಈ ಬರಹದ ಉದ್ದೇಶ.

ಮಾತ್ರೆಯಿಂದ ಮಗುವಿಗೆ ಏನಾದೀತು ಎಂದು ಯೋಚಿಸುವಾಗ, ಮಾತ್ರೆ ತೆಗೆದುಕೊಳ್ಳದಿದ್ದರೆ ಏನಾದೀತು ಎಂಬುದನ್ನೂ ತಕ್ಕಡಿಗೆ ಹಾಕಬೇಕು. ಚಿಕಿತ್ಸೆ ಸಿಗದ ಖಿನ್ನತೆಯಲ್ಲಿ ತಾಯಿಗೆ ಊಟ ಸೇರುವುದಿಲ್ಲ, ಮಗು ಮಲಗಿದಾಗಲೂ ನಿದ್ದೆ ಹತ್ತುವುದಿಲ್ಲ, ಮಗುವನ್ನು ಎತ್ತಿಕೊಳ್ಳಲು ಮನಸ್ಸಾಗುವುದಿಲ್ಲ. ಹೀಗಾಗಿ ಹಾಲೂಡಿಸುವುದು ತಾನಾಗಿಯೇ ನಿಂತುಹೋಗುವುದೂ ಉಂಟು. ಕಾಯಿಲೆ ತೀವ್ರವಾದರೆ ತಾಯಿಯ ಪ್ರಾಣಕ್ಕೇ ಕುತ್ತು. ಇದೇನೂ ಅಪರೂಪದ ಸಂಗತಿಯಲ್ಲ: ಭಾರತದಲ್ಲಿ ನಡೆದ ಅಧ್ಯಯನಗಳನ್ನು ಒಟ್ಟುಗೂಡಿಸಿ 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಬುಲೆಟಿನ್‌ನಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ ನಮ್ಮಲ್ಲಿ ಸುಮಾರು ಶೇಕಡಾ 22ರಷ್ಟು ತಾಯಂದಿರಲ್ಲಿ ಹೆರಿಗೆಯ ನಂತರ ಖಿನ್ನತೆ ಕಾಣಿಸಿಕೊಳ್ಳುತ್ತದೆ. ಐವರಲ್ಲಿ ಒಬ್ಬರಿಗಿಂತ ಹೆಚ್ಚು ಎಂದಾಯಿತು.

ಮಾತ್ರೆಗೆ ಮೊದಲು ತಿಳಿಯಬೇಕಾದದ್ದು

ಹೆರಿಗೆಯಾದ ಮೂರು ನಾಲ್ಕನೆಯ ದಿನದಿಂದ ಕಾರಣವಿಲ್ಲದೆ ಅಳು ಬರುವುದು, ಮನಸ್ಸು ಒಮ್ಮೆ ಹಿಗ್ಗಿ ಒಮ್ಮೆ ಕುಗ್ಗುವುದು ಅರ್ಧಕ್ಕಿಂತ ಹೆಚ್ಚು ತಾಯಂದಿರಿಗೆ ಆಗುವ ಅನುಭವ. ಅದು ಸಾಮಾನ್ಯವಾಗಿ ಎರಡು ವಾರದೊಳಗೆ ತಾನಾಗಿಯೇ ತಿಳಿಯಾಗುತ್ತದೆ; ಅದಕ್ಕೆ ಮಾತ್ರೆ ಬೇಡ, ನಿದ್ದೆ ಮತ್ತು ಆಸರೆ ಸಾಕು. ಎರಡು ವಾರ ಕಳೆದರೂ ಬೇಸರ, ನಿರಾಸಕ್ತಿ, ‘ನಾನು ಒಳ್ಳೆಯ ತಾಯಿಯಲ್ಲ’ ಎಂಬ ಅಪರಾಧಿ ಭಾವ, ವಿಪರೀತ ಆತಂಕ ದಿನದ ಬಹುಭಾಗ ಉಳಿದಿದ್ದರೆ ಅದನ್ನು ಬಾಣಂತನದ ಆಯಾಸ ಎಂದು ತಳ್ಳಿಹಾಕಬಾರದು. ಇದನ್ನು ಅಳೆಯಲು ಪ್ರಪಂಚದಾದ್ಯಂತ ಬಳಕೆಯಲ್ಲಿರುವುದು 1987ರಲ್ಲಿ ರೂಪಿಸಲಾದ ಎಡಿನ್‌ಬರೋ ಪ್ರಶ್ನಾವಳಿ. ಅದರಲ್ಲಿ ಹತ್ತು ಪ್ರಶ್ನೆಗಳಿವೆ, ಒಟ್ಟು 30 ಅಂಕ, ಕಳೆದ ಏಳು ದಿನಗಳ ಮನಸ್ಥಿತಿಯನ್ನು ಮಾತ್ರ ಕೇಳಲಾಗುತ್ತದೆ. ಕನ್ನಡದ ರೂಪವೂ ಇದೆ. ಅಂಕ ಹೆಚ್ಚಿದ್ದ ಮಾತ್ರಕ್ಕೆ ಕಾಯಿಲೆ ಖಚಿತವಾಗುವುದಿಲ್ಲ, ವೈದ್ಯರು ಕೂತು ಮಾತನಾಡಿಸಲೇಬೇಕು. ಆದರೆ ಹತ್ತನೆಯ ಪ್ರಶ್ನೆ ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆಯ ಕುರಿತಾದದ್ದು. ಅದಕ್ಕೆ ‘ಎಂದೂ ಇಲ್ಲ’ ಎಂಬುದರ ಹೊರತು ಯಾವ ಉತ್ತರ ಬಂದರೂ, ಒಟ್ಟು ಅಂಕ ಎಷ್ಟೇ ಕಡಿಮೆಯಿದ್ದರೂ, ಅಂದೇ ವೈದ್ಯರಿಗೆ ತಿಳಿಸಬೇಕು.

ಮಾತ್ರೆ ಆರಂಭಿಸುವ ಮುನ್ನ ಹಿಮೋಗ್ಲೋಬಿನ್ ಮತ್ತು ಥೈರಾಯ್ಡ್ ಪರೀಕ್ಷೆ ಮಾಡಿಸುವುದು ಲೇಸು. ಹೆರಿಗೆಯ ನಂತರ ಕೆಲವರಿಗೆ ಥೈರಾಯ್ಡ್ ಗ್ರಂಥಿಯಲ್ಲಿ ಉರಿಯೂತ ಉಂಟಾಗಿ ಮೊದಲು ಎದೆಬಡಿತ, ಚಡಪಡಿಕೆ, ಆಮೇಲೆ ಸುಸ್ತು, ಮಂಕುತನ ಬರುತ್ತದೆ. ರಕ್ತಹೀನತೆಯೂ ಸುಸ್ತನ್ನು ಹೆಚ್ಚಿಸುತ್ತದೆ. ಇವು ಖಿನ್ನತೆಯಂತೆಯೇ ತೋರಬಹುದು, ಖಿನ್ನತೆಯ ಜೊತೆಗೂ ಇರಬಹುದು.

ಇನ್ನೊಂದು ಪ್ರಶ್ನೆಯನ್ನು ವೈದ್ಯರು ಕೇಳದಿದ್ದರೂ ನೀವೇ ಎತ್ತಬೇಕು. ಹಿಂದೆ ಯಾವಾಗಲಾದರೂ ನಿದ್ದೆಯೇ ಬೇಡವೆನಿಸಿ, ಅತಿಯಾದ ಹುರುಪು, ಅತಿಯಾದ ಮಾತು, ಕೈಮೀರಿದ ಖರ್ಚು ಇವೆಲ್ಲ ಒಟ್ಟಾಗಿ ಹಲವು ದಿನ ಇದ್ದದ್ದುಂಟೇ? ತಾಯಿ, ಅಕ್ಕತಂಗಿಯರಲ್ಲಿ ಯಾರಿಗಾದರೂ ಬೈಪೋಲಾರ್ ಕಾಯಿಲೆ (ಇಂಥ ಅತಿ ಹುರುಪಿನ ಉನ್ಮಾದವೂ ಖಿನ್ನತೆಯೂ ಸರದಿಯಲ್ಲಿ ಬರುವ ಕಾಯಿಲೆ) ಇದೆಯೇ, ಬಾಣಂತನದಲ್ಲಿ ಬುದ್ಧಿ ಕೆಟ್ಟಿತ್ತೆಂದು ಹೇಳುವುದನ್ನು ಕೇಳಿದ್ದೀರಾ? ಹಾಗಿದ್ದರೆ ಖಿನ್ನತೆಯ ಮಾತ್ರೆಯೊಂದನ್ನೇ ಕೊಟ್ಟರೆ ಅದು ಉನ್ಮಾದವನ್ನು ಕೆರಳಿಸಬಹುದು. ಚಿಕಿತ್ಸೆಯ ದಾರಿಯೇ ಬೇರೆಯಾಗುತ್ತದೆ. ಮದುವೆಯ ಸಮಯದಲ್ಲಿ ಮುಚ್ಚಿಟ್ಟ ವಿಷಯವೆಂದು ಗಂಡನ ಮನೆಯವರ ಎದುರಿಗೆ ಬಾಯಿಬಿಡದ ತವರಿನವರು ಬಹಳ. ವೈದ್ಯರ ಬಳಿ ಒಬ್ಬರೇ ಮಾತನಾಡಲು ಅವಕಾಶ ಕೇಳಿ. ಕಾಯಿಲೆಯ ವಿವರವನ್ನು ಗೋಪ್ಯವಾಗಿಡುವ ಹಕ್ಕನ್ನು 2017ರ ಮಾನಸಿಕ ಆರೋಗ್ಯ ಕಾಯ್ದೆಯೇ ಕೊಟ್ಟಿದೆ.

ಹಳ್ಳಿಯಲ್ಲಿ ಬಾಣಂತಿ ಸನ್ನಿ ಎಂದು ಕರೆಯುವ ಸ್ಥಿತಿ ಖಿನ್ನತೆಗಿಂತ ಬೇರೆ. ಸಾವಿರ ಹೆರಿಗೆಗಳಲ್ಲಿ ಒಬ್ಬಿಬ್ಬರಿಗೆ, ಹೆಚ್ಚಾಗಿ ಮೊದಲ ಎರಡು ವಾರದಲ್ಲಿ, ಇದು ಹಠಾತ್ತನೆ ಬರುತ್ತದೆ: ರಾತ್ರಿಯಿಡೀ ನಿದ್ದೆಯಿಲ್ಲ, ಆದರೂ ದಣಿವಿಲ್ಲ, ಮನೆಯವರ ಮೇಲೆ ಅನುಮಾನ, ಯಾರೋ ಮಾತನಾಡಿದಂತೆ ಕೇಳಿಸುವುದು, ಇದು ನನ್ನ ಮಗುವಲ್ಲ ಎನ್ನುವುದು, ದಿಕ್ಕುತೋಚದಂತೆ ವರ್ತಿಸುವುದು. ಗಾಳಿ ಸೋಕಿದೆ, ದೃಷ್ಟಿಯಾಗಿದೆ ಎಂದು ತಾಯತ ಕಟ್ಟಿಸುತ್ತ ದಿನ ಕಳೆಯುವ ವಿಷಯ ಇದಲ್ಲ. ತಾಯಿಯನ್ನೂ ಮಗುವನ್ನೂ ಒಂದು ಕ್ಷಣವೂ ಒಂಟಿಯಾಗಿ ಬಿಡದೆ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಬೇಕು. ಇದಕ್ಕೆ ಹೋಲುವಂತೆ ಕಂಡರೂ ಬೇರೆಯಾದ ಇನ್ನೊಂದು ಅನುಭವವಿದೆ: ‘ಮಗು ಕೈಯಿಂದ ಜಾರಿಬಿಟ್ಟರೆ’, ‘ಈ ಚಾಕು ಮಗುವಿಗೆ ತಗುಲಿದರೆ’ ಎಂಬಂಥ ಬೇಡದ ಯೋಚನೆಗಳು ನುಗ್ಗಿ ಬಂದು, ಅವುಗಳಿಗೆ ತಾಯಿಯೇ ಹೆದರಿ ಅಡುಗೆಮನೆಗೆ ಹೋಗುವುದನ್ನೇ ಬಿಡುವುದು. ಇದು ಆತಂಕದ, ಗೀಳಿನ ಲಕ್ಷಣ. ಹೇಳಿದರೆ ಮಗುವನ್ನು ಕಸಿದುಕೊಳ್ಳುತ್ತಾರೆ ಎಂಬ ಭಯದಿಂದ ತಾಯಂದಿರು ಇದನ್ನು ಯಾರಿಗೂ ಹೇಳುವುದಿಲ್ಲ. ಮನೋವೈದ್ಯರಿಗೆ ಇದು ಹೊಸದೇನಲ್ಲ, ಖಿನ್ನತೆಗೆ ಕೊಡುವ ಮಾತ್ರೆಗಳೇ ಇದಕ್ಕೂ ಕೆಲಸಕ್ಕೆ ಬರುತ್ತವೆ.

ಬೆಂಗಳೂರಿನಲ್ಲಿ ಎಲ್ಲಿಗೆ ಹೋಗುವುದು

ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ಬಸುರಿ ಮತ್ತು ಬಾಣಂತಿಯರ ಮಾನಸಿಕ ಆರೋಗ್ಯಕ್ಕೆಂದೇ ಪ್ರತ್ಯೇಕ ಸೇವೆಯಿದೆ. ತಾಯಿಯನ್ನು ಮಗುವಿನೊಂದಿಗೇ ದಾಖಲಿಸಿಕೊಳ್ಳುವ ದೇಶದ ಮೊದಲ ಘಟಕ ಅಲ್ಲಿ 2009ರಲ್ಲಿ ಶುರುವಾಯಿತು. ದಾಖಲಾಗಬೇಕಾದರೆ ಮಗುವನ್ನು ಬಿಟ್ಟಿರಬೇಕೇ ಎಂಬ ಅಂಜಿಕೆಗೆ ಕಾನೂನಿನಲ್ಲೂ ಉತ್ತರವಿದೆ: ಮಾನಸಿಕ ಆರೋಗ್ಯ ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ಚಿಕಿತ್ಸೆಯಲ್ಲಿರುವ ತಾಯಿಯಿಂದ ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ಬೇರ್ಪಡಿಸುವಂತಿಲ್ಲ. ತುರ್ತು ಚಿಕಿತ್ಸಾ ವಿಭಾಗ ಹಗಲು ರಾತ್ರಿ ತೆರೆದಿರುತ್ತದೆ. ಆದರೆ ಎಲ್ಲರೂ ನಿಮ್ಹಾನ್ಸ್‌ಗೇ ಹೋಗಬೇಕೆಂದಿಲ್ಲ. ವಿಕ್ಟೋರಿಯಾ, ಬೌರಿಂಗ್, ಸೇಂಟ್ ಜಾನ್ಸ್ ಆಸ್ಪತ್ರೆಗಳಲ್ಲೂ ಮನೋವೈದ್ಯಕೀಯ ವಿಭಾಗಗಳಿವೆ. ಹೆರಿಗೆ ಮಾಡಿಸಿದ ವೈದ್ಯರೇ ಪರಿಚಿತ ಮನೋವೈದ್ಯರಿಗೆ ಚೀಟಿ ಬರೆದುಕೊಡಬಲ್ಲರು. ಹೊರಗೆ ಹೋಗಲು ಆಗದ ಬಾಣಂತಿಗೆ ಟೆಲಿ ಮಾನಸ್ ಸಹಾಯವಾಣಿ ಇದೆ: 2022ರ ಅಕ್ಟೋಬರ್ 10ರಂದು ಆರಂಭವಾದ ಈ ಉಚಿತ ಸೇವೆಗೆ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.

ತವರಿನಲ್ಲಿ ಬಾಣಂತನ ನಡೆಯುವವರಿಗೆ ಒಂದು ತೊಡಕು ಎದುರಾಗುತ್ತದೆ. ಹೆರಿಗೆ ಬೆಂಗಳೂರಿನಲ್ಲಿ, ಬಾಣಂತನ ಹಾಸನದಲ್ಲೋ ತುಮಕೂರಿನಲ್ಲೋ, ಮೂರನೆಯ ಅಥವಾ ಐದನೆಯ ತಿಂಗಳಿಗೆ ಮತ್ತೆ ಬೆಂಗಳೂರು. ಊರು ಬದಲಾಯಿಸುವ ಈ ಹೊತ್ತಿನಲ್ಲೇ ಮಾತ್ರೆ ತೀರುತ್ತದೆ, ಚೀಟಿ ಕಳೆಯುತ್ತದೆ, ಹೊಸ ವೈದ್ಯರಿಗೆ ಹಳೆಯ ಕಥೆ ಗೊತ್ತಿರುವುದಿಲ್ಲ. ಆದ್ದರಿಂದ ಮೊದಲ ಭೇಟಿಯಲ್ಲೇ, ಮುಂದಿನ ಮೂರು ತಿಂಗಳು ಎಲ್ಲಿರುತ್ತೀರಿ ಎಂಬುದನ್ನು ಹೇಳಿ, ನಡುನಡುವೆ ಫೋನ್ ಅಥವಾ ವಿಡಿಯೊ ಮೂಲಕ ನೋಡಲು ಸಾಧ್ಯವೇ ಎಂದು ಕೇಳಿಕೊಳ್ಳಿ. ಚೀಟಿಯ ಫೋಟೊ ಗಂಡನ ಮೊಬೈಲಿನಲ್ಲೂ ಅಮ್ಮನ ಮೊಬೈಲಿನಲ್ಲೂ ಇರಲಿ.

ಕವರಿನಲ್ಲಿ ತುಂಬಿಕೊಂಡು ಹೋಗಬೇಕಾದದ್ದು

ವೈದ್ಯರ ಬಳಿಗೆ ಹೋಗುವಾಗ ಮನೆಯಲ್ಲಿ ನುಂಗುತ್ತಿರುವ ಎಲ್ಲ ಮಾತ್ರೆಗಳ ಸ್ಟ್ರಿಪ್ಪುಗಳನ್ನೂ ಲೇಹ್ಯ, ಕಷಾಯದ ಸೀಸೆಗಳನ್ನೂ ಒಂದು ಕವರಿಗೆ ಹಾಕಿ ಒಯ್ಯಿರಿ. ಈ ಸಲಹೆ ಸಣ್ಣದೆನಿಸಬಹುದು. ನನ್ನ ದೃಷ್ಟಿಯಲ್ಲಿ ಇಡೀ ಕ್ರಮದಲ್ಲಿ ಇದೇ ದೊಡ್ಡದು. ಏಕೆಂದರೆ ಬಾಣಂತಿಯರಿಗೆ ಮಾಮೂಲಾಗಿ ಕೊಡುವ ಕೆಲವು ಔಷಧಗಳು ಖಿನ್ನತೆಯ ಮಾತ್ರೆಗಳೊಂದಿಗೆ ಹೊಂದುವುದಿಲ್ಲ. ಹಾಲು ಹೆಚ್ಚಲೆಂದು ಕೊಡುವ ಡೊಂಪೆರಿಡೋನ್ ಮತ್ತು ಖಿನ್ನತೆಗೆ ಕೊಡುವ ಸಿಟಾಲೊಪ್ರಾಮ್, ಎಸ್ಸಿಟಾಲೊಪ್ರಾಮ್ ಇವೆರಡೂ ಹೃದಯದ ಬಡಿತದ ಲಯದ ಮೇಲೆ ಒಂದೇ ಬಗೆಯ ಪರಿಣಾಮ ಬೀರುವುದರಿಂದ ಜೊತೆಯಾಗಿ ಕೊಡುವುದನ್ನು ವೈದ್ಯರು ತಪ್ಪಿಸುತ್ತಾರೆ, ಇಲ್ಲವೇ ಇಸಿಜಿ ನೋಡಿ ನಿರ್ಧರಿಸುತ್ತಾರೆ. ವಾಂತಿಗೂ ಹಾಲು ಹೆಚ್ಚಲೂ ಕೊಡುವ ಮೆಟೊಕ್ಲೊಪ್ರಮೈಡ್ ತಾನೇ ಮಂಕು ಕವಿಸಬಲ್ಲದು. ಅದನ್ನು ನುಂಗುತ್ತಿರುವಾಗಲೇ ಬೇಸರ ಶುರುವಾಗಿದ್ದರೆ ಅದನ್ನು ಖಂಡಿತ ಹೇಳಬೇಕು. ಸಿಸೇರಿಯನ್ ನೋವಿಗೆ ಬರೆಯುವ ಟ್ರಮಡಾಲ್ ಈ ಮಾತ್ರೆಗಳೊಂದಿಗೆ ಸೇರಿದರೆ ಮೈನಡುಕ, ಬೆವರು, ಜ್ವರ, ತಳಮಳ ಬರುವ ಗಂಭೀರ ಸ್ಥಿತಿ ಉಂಟಾಗಬಹುದು, ಹಾಲೂಡಿಸುವವರಿಗೆ ಅದು ಹೇಗೂ ಒಳ್ಳೆಯದಲ್ಲ. ಐಬುಪ್ರೊಫೆನ್‌ನಂಥ ನೋವಿನ ಮಾತ್ರೆಗಳು ಜೊತೆಯಾದರೆ ರಕ್ತಸ್ರಾವದ ಸಂಭವ ಸ್ವಲ್ಪ ಹೆಚ್ಚುತ್ತದೆ. ಮಾಮೂಲಿ ನೋವಿಗೆ ಪ್ಯಾರಾಸಿಟಮಾಲ್ ಸಾಕಾಗುತ್ತದೆಯೇ ಎಂದು ಕೇಳಿ. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳನ್ನು ಇದಕ್ಕಾಗಿ ನಿಲ್ಲಿಸಬೇಕಾಗಿಲ್ಲ. (ಥೈರಾಯ್ಡ್ ಮಾತ್ರೆ ಇರುವವರು ಮಾತ್ರ ಅದಕ್ಕೂ ಕಬ್ಬಿಣ, ಕ್ಯಾಲ್ಸಿಯಂಗೂ ನಾಲ್ಕು ಗಂಟೆಯ ಅಂತರ ಇಡಬೇಕು, ಇದನ್ನು ಮರೆಯುವವರೇ ಹೆಚ್ಚು.) ಲೇಹ್ಯದಲ್ಲಿ ಏನೇನಿದೆ ಎಂದು ಅಂಗಡಿಯವನಿಗೂ ಗೊತ್ತಿಲ್ಲದಿದ್ದರೆ ಅದನ್ನು ಸದ್ಯಕ್ಕೆ ಬದಿಗಿಡುವುದು ಮೇಲು.

ಯಾವ ಮಾತ್ರೆ

ಹಿಂದೆ ಖಿನ್ನತೆ ಬಂದಿದ್ದಾಗ ಒಂದು ಮಾತ್ರೆ ಚೆನ್ನಾಗಿ ಹಿಡಿದಿದ್ದರೆ, ಅಥವಾ ಬಸಿರಿನಲ್ಲಿ ಅದನ್ನೇ ತೆಗೆದುಕೊಳ್ಳುತ್ತಿದ್ದರೆ, ಸಾಮಾನ್ಯವಾಗಿ ಅದನ್ನೇ ಮುಂದುವರಿಸುತ್ತಾರೆ. ಹಾಲಿನ ಕಾರಣಕ್ಕೆಂದು ಗುಣ ಕೊಟ್ಟ ಮಾತ್ರೆಯನ್ನು ಬಿಟ್ಟು ಹೊಸದನ್ನು ಪ್ರಯೋಗಿಸುವುದು ಜಾಣತನವಲ್ಲ. ಮೊದಲ ಸಲ ಆರಂಭಿಸುವವರಿಗೆ ಹೆಚ್ಚಿನ ವೈದ್ಯರು ಆಯ್ದುಕೊಳ್ಳುವುದು ಸರ್ಟ್ರಲೀನ್. ಹಾಲೂಡಿಸುವ ತಾಯಂದಿರಲ್ಲಿ ಅತಿ ಹೆಚ್ಚು ಅಧ್ಯಯನವಾದ ಮಾತ್ರೆಗಳಲ್ಲಿ ಅದೊಂದು. ಮಕ್ಕಳ ರಕ್ತ ಪರೀಕ್ಷಿಸಿದಾಗ ಬಹುಮಟ್ಟಿಗೆ ಅಳತೆಗೆ ಸಿಗದಷ್ಟು ಕಡಿಮೆ ಪ್ರಮಾಣ ಕಂಡುಬಂದಿದೆ.

ಹಾಲಿನಲ್ಲಿ ಎಷ್ಟು ಹೋಗುತ್ತದೆ ಎಂಬುದನ್ನು ಅಳೆಯಲು ವೈದ್ಯರು ಬಳಸುವ ಲೆಕ್ಕ ಹೀಗಿದೆ: ತಾಯಿ ತನ್ನ ತೂಕದ ಒಂದು ಕಿಲೋಗೆ ಎಷ್ಟು ಔಷಧ ತೆಗೆದುಕೊಳ್ಳುತ್ತಾಳೋ, ಅದರಲ್ಲಿ ಶೇಕಡಾ ಎಷ್ಟು ಭಾಗ ಮಗುವಿನ ಒಂದು ಕಿಲೋ ತೂಕಕ್ಕೆ ಹಾಲಿನ ಮೂಲಕ ಸೇರುತ್ತದೆ? ಇದು ಶೇಕಡಾ 10ಕ್ಕಿಂತ ಕಡಿಮೆಯಿದ್ದರೆ ಸಾಮಾನ್ಯವಾಗಿ ಒಪ್ಪಿಕೊಳ್ಳಬಹುದು ಎಂಬುದು ರೂಢಿಯ ಗಡಿ. ಸರ್ಟ್ರಲೀನ್‌ನಲ್ಲಿ ಅದು ಹೆಚ್ಚಾಗಿ ಶೇಕಡಾ 2ರ ಆಸುಪಾಸು ಅಥವಾ ಅದಕ್ಕೂ ಕಡಿಮೆ. 60 ಕಿಲೋ ತೂಕದ ತಾಯಿ ದಿನಕ್ಕೆ 50 ಮಿಲಿಗ್ರಾಂ ಮಾತ್ರೆ ನುಂಗಿದರೆ, ಶೇಕಡಾ 2 ಎಂದೇ ಹಿಡಿದರೂ, ನಾಲ್ಕು ಕಿಲೋ ತೂಕದ ಮಗುವಿಗೆ ದಿನವಿಡೀ ಸೇರುವುದು ಸುಮಾರು 0.07 ಮಿಲಿಗ್ರಾಂ, ಅಂದರೆ ಆ ಮಾತ್ರೆಯ ಏಳುನೂರೈವತ್ತರಲ್ಲಿ ಒಂದು ಭಾಗ. ಈ ಗುಣಾಕಾರವನ್ನು ಮನೆಯ ಹಿರಿಯರ ಎದುರು ಕಾಗದದ ಮೇಲೆ ಮಾಡಿ ತೋರಿಸಿದರೆ ಉದ್ದದ ವಾದಕ್ಕಿಂತ ಬೇಗ ಕೆಲಸವಾಗುತ್ತದೆ.

ಪ್ಯಾರೊಕ್ಸಟಿನ್ ಕೂಡ ಹಾಲಿಗೆ ಬಲು ಕಡಿಮೆ ಸೇರುತ್ತದೆ, ಆದರೆ ಬಿಡುವಾಗ ತೊಂದರೆ ಕೊಡುವುದು ಹೆಚ್ಚು, ಮುಂದಿನ ಬಸಿರಿನ ಮೊದಲ ತಿಂಗಳುಗಳಿಗೂ ಅದು ಮೊದಲ ಆಯ್ಕೆಯಲ್ಲ. ಬೆಂಗಳೂರಿನಲ್ಲಿ ಹೆಚ್ಚು ಬರೆಯುವ ಎಸ್ಸಿಟಾಲೊಪ್ರಾಮ್ ಸರ್ಟ್ರಲೀನ್‌ಗಿಂತ ಹೆಚ್ಚು ಸೇರಿದರೂ ಶೇಕಡಾ 10ರ ಗಡಿಯೊಳಗೇ ಇರುತ್ತದೆ, ಬಳಸಬಹುದು. ಫ್ಲುವಾಕ್ಸಟಿನ್ ಮತ್ತು ದೇಹದಲ್ಲಿ ಅದರಿಂದ ಹುಟ್ಟುವ ವಸ್ತು ವಾರಗಟ್ಟಲೆ ಉಳಿಯುವುದರಿಂದ ಎಳೆಗೂಸಿನಲ್ಲಿ ಕೂಡುತ್ತ ಹೋಗುವ ಸಂಭವವಿದೆ. ಹೊಸದಾಗಿ ಆರಂಭಿಸುವಾಗ ಬೇರೆಯದನ್ನು ನೋಡುತ್ತಾರೆ, ಅದರಿಂದಲೇ ಗುಣವಾಗಿರುವ ತಾಯಿಯಾದರೆ ಮಗುವನ್ನು ಗಮನಿಸುತ್ತ ಮುಂದುವರಿಸಲೂಬಹುದು. ಹಳೆಯ ಗುಂಪಿನ ಮಾತ್ರೆಗಳಲ್ಲಿ ನಾರ್ಟ್ರಿಪ್ಟಿಲಿನ್ ಪರವಾಗಿಲ್ಲ, ಡಾಕ್ಸೆಪಿನ್ ಬೇಡ.

ಎರಡು ತಿಂಗಳೊಳಗಿನ ಮಗುವಿನ ಯಕೃತ್ತು ಇನ್ನೂ ಬಲಿತಿರುವುದಿಲ್ಲವಾದ್ದರಿಂದ ಆ ಅವಧಿಯಲ್ಲಿ ಎಚ್ಚರ ಹೆಚ್ಚಿರಬೇಕು. ಅವಧಿಗೆ ಮುನ್ನ ಹುಟ್ಟಿದ, ತೂಕ ಕಡಿಮೆಯಿರುವ, ಕಾಮಾಲೆ ಅಥವಾ ಬೇರೆ ಕಾಯಿಲೆಯಿರುವ ಕೂಸಾದರೆ ಮನೋವೈದ್ಯರು ಮತ್ತು ಮಕ್ಕಳ ವೈದ್ಯರು ಪರಸ್ಪರ ಮಾತನಾಡಿ ನಿರ್ಧರಿಸಬೇಕು. ಒಬ್ಬರಿಗೆ ಗೊತ್ತಿಲ್ಲದಂತೆ ಇನ್ನೊಬ್ಬರ ಮಾತ್ರೆ ನಡೆಯಬಾರದು.

ಚೀಟಿಯನ್ನು ಓದುವುದು, ಮೊದಲ ವಾರಗಳನ್ನು ದಾಟುವುದು

ಚೀಟಿಯಲ್ಲಿ ಸಾಮಾನ್ಯವಾಗಿ ಹೀಗಿರುತ್ತದೆ: ‘ಸರ್ಟ್ರಲೀನ್ 25 ಮಿ.ಗ್ರಾಂ., 1–0–0, ಊಟದ ನಂತರ, 7 ದಿನ. ಆಮೇಲೆ 50 ಮಿ.ಗ್ರಾಂ., 1–0–0’. ಅದರ ಕೆಳಗೆ ಇನ್ನೊಂದು ಸಾಲು: ‘ಕ್ಲೊನಾಜೆಪಾಮ್ 0.25 ಮಿ.ಗ್ರಾಂ., 0–0–1, 10 ದಿನ’. ಮೊದಲ ಸಾಲು ಬೆಳಗ್ಗೆ ಒಂದು ಮಾತ್ರೆ ಎನ್ನುತ್ತದೆ, ತಿಂಗಳುಗಟ್ಟಲೆ ನಡೆಯಬೇಕಾದದ್ದು. ಎರಡನೆಯ ಸಾಲು ರಾತ್ರಿಯ ಮಾತ್ರೆ, ಆತಂಕ ತಗ್ಗಿ ನಿದ್ದೆ ಬರಲೆಂದು ಕೆಲವೇ ದಿನಗಳಿಗೆ ಕೊಡುವಂಥದ್ದು. ಮನೆಗಳಲ್ಲಿ ಆಗುವುದು ಇದಕ್ಕೆ ವಿರುದ್ಧ: ನುಂಗಿದ ರಾತ್ರಿಯೇ ನಿದ್ದೆ ಬರಿಸುವ ಎರಡನೆಯದನ್ನು ಜನ ಹಿಡಿದುಕೊಳ್ಳುತ್ತಾರೆ, ಒಂದು ವಾರವಾದರೂ ಏನೂ ಆಗಲಿಲ್ಲವೆಂದು ಮೊದಲನೆಯದನ್ನು ಬಿಟ್ಟುಬಿಡುತ್ತಾರೆ. ಅಭ್ಯಾಸವಾಗಿಬಿಡುವ, ಮಗುವಿಗೆ ಮಂಪರು ತರಬಲ್ಲ ಔಷಧ ಆ ಎರಡನೆಯದು. ಎರಡೂ ಒಂದೇ ಮಾತ್ರೆಯಲ್ಲಿ ಬೆರೆತು ಬರುವ ಸ್ಟ್ರಿಪ್ಪುಗಳೂ ಅಂಗಡಿಯಲ್ಲಿವೆ, ವಿಶೇಷವಾಗಿ ಎಸ್ಸಿಟಾಲೊಪ್ರಾಮ್ ಜೊತೆಗೆ. ಸ್ಟ್ರಿಪ್ಪಿನ ಹಿಂದಿನ ಸಣ್ಣ ಅಕ್ಷರ ಓದಿ, ಬೆರಕೆಯಿದ್ದರೆ ಎಷ್ಟು ದಿನ, ಆಮೇಲೆ ಏನು ಎಂದು ಕೇಳಿಕೊಂಡೇ ಎದ್ದು ಬನ್ನಿ. ರಾತ್ರಿಯ ಮಾತ್ರೆ ನುಂಗಿದ ದಿನಗಳಲ್ಲಿ ಮಗುವನ್ನು ಪಕ್ಕದಲ್ಲೇ ಮಲಗಿಸಿಕೊಂಡು ಹಾಲೂಡಿಸುತ್ತ ನಿದ್ದೆ ಹೋಗಬಾರದು. ಮಗು ತೊಟ್ಟಿಲಲ್ಲಿರಲಿ, ಎತ್ತಿಕೊಡಲು ಇನ್ನೊಬ್ಬರು ಎಚ್ಚರವಿರಲಿ.

ಖಿನ್ನತೆಯ ಮಾತ್ರೆ ಹಿಡಿಯಲು ಎರಡರಿಂದ ನಾಲ್ಕು ವಾರ ಬೇಕು, ಪೂರ್ಣ ಗುಣ ಕಾಣಲು ಆರರಿಂದ ಎಂಟು ವಾರ. ಅದಕ್ಕೂ ಮುನ್ನ ಅಡ್ಡಪರಿಣಾಮಗಳೇ ಮೊದಲು ಬರುತ್ತವೆ ಎಂಬುದು ಈ ಚಿಕಿತ್ಸೆಯ ದೊಡ್ಡ ಕಿರಿಕಿರಿ: ಓಕರಿಕೆ, ಭೇದಿ, ತಲೆನೋವು, ಮೊದಲ ಕೆಲವು ದಿನ ಚಡಪಡಿಕೆ ಹೆಚ್ಚಾದಂತೆ ಅನಿಸುವುದು. ಊಟವಾದ ಮೇಲೆ ತೆಗೆದುಕೊಂಡರೆ ಹೊಟ್ಟೆಯ ತೊಂದರೆ ಕಡಿಮೆ. ಹೆಚ್ಚಿನವು ಒಂದೆರಡು ವಾರದಲ್ಲಿ ಇಳಿಯುತ್ತವೆ. ಒಂದು ಹೊತ್ತು ಮರೆತರೆ ಅದೇ ದಿನ ನೆನಪಾದಾಗ ತೆಗೆದುಕೊಳ್ಳಿ, ಮರುದಿನ ನೆನಪಾದರೆ ಎರಡನ್ನು ಒಟ್ಟಿಗೆ ನುಂಗಬೇಡಿ. ಸಾಯುವ ಯೋಚನೆ ಬರುತ್ತಿರುವ ತಾಯಿಯಾದರೆ ಮಾತ್ರೆಗಳ ಡಬ್ಬಿ ಗಂಡನ ಅಥವಾ ಆಕೆಯ ಅಮ್ಮನ ವಶದಲ್ಲಿದ್ದು, ದಿನದ್ದನ್ನು ಮಾತ್ರ ಕೈಗೆ ಕೊಡಬೇಕು. ಒಮ್ಮೆಗೆ ಒಂದು ವಾರಕ್ಕಾಗುವಷ್ಟೇ ಕೊಳ್ಳುವುದು ಇನ್ನೂ ಕ್ಷೇಮ.

ಹಾಲೂಡಿಸುವ ಹೊತ್ತಿಗೂ ಮಾತ್ರೆಗೂ ಗಡಿಯಾರ ಹಿಡಿದು ಹೊಂದಿಸಬೇಕಾದ ಅಗತ್ಯವಿಲ್ಲ. ಹಾಲು ಹಿಂಡಿ ಚೆಲ್ಲುವುದಂತೂ ಬೇಡವೇ ಬೇಡ. ದಿನಾ ತೆಗೆದುಕೊಳ್ಳುವ ಮಾತ್ರೆ ರಕ್ತದಲ್ಲಿ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿರುವುದರಿಂದ ಒಂದು ಹೊತ್ತಿನ ಹಾಲು ಚೆಲ್ಲಿ ಸಾಧಿಸುವುದೇನೂ ಇಲ್ಲ, ದಣಿದ ತಾಯಿ ಇನ್ನಷ್ಟು ದಣಿಯುತ್ತಾಳೆ ಅಷ್ಟೇ. ಮನಸ್ಸಿಗೆ ಸಮಾಧಾನವಾಗಬೇಕೆಂದಿದ್ದರೆ, ಹಾಲು ಕೊಟ್ಟ ಕೂಡಲೇ, ಮಗು ಉದ್ದ ನಿದ್ದೆ ಮಾಡುವ ಹೊತ್ತಿಗೆ ಮುನ್ನ ಮಾತ್ರೆ ತೆಗೆದುಕೊಳ್ಳಬಹುದು.

ಮಗುವಿನಲ್ಲಿ ಗಮನಿಸಬೇಕಾದದ್ದು

ಮಾತ್ರೆ ಶುರು ಮಾಡುವ ಮೊದಲ ದಿನವೇ ಮಗುವಿನ ತೂಕ, ದಿನಕ್ಕೆ ಎಷ್ಟು ಸಲ ಹಾಲು ಕುಡಿಯುತ್ತದೆ, ಎಷ್ಟು ಹೊತ್ತು ಮಲಗುತ್ತದೆ, ಎಷ್ಟು ಸಲ ಮೂತ್ರ ಮಾಡುತ್ತದೆ ಎಂಬುದನ್ನು ಬರೆದಿಡಿ. ಮೊದಲೇ ಬರೆದಿಡದಿದ್ದರೆ, ಎಲ್ಲ ಹಸುಗೂಸುಗಳೂ ಮಾಡುವ ರಗಳೆಯೆಲ್ಲ ಮಾತ್ರೆಯ ತಲೆಗೆ ಕಟ್ಟಿದಂತಾಗುತ್ತದೆ. ಅಪರೂಪಕ್ಕೆ ವರದಿಯಾದ ತೊಂದರೆಗಳು ಇವು: ಎಬ್ಬಿಸಿದರೂ ಏಳದಷ್ಟು ಮಂಪರು, ಹಾಲಿಗೆ ಬಾಯಿ ಹಾಕದಿರುವುದು, ಸಮಾಧಾನವೇ ಆಗದ ಅಳು, ಮೈನಡುಕ, ತೂಕ ಏರದಿರುವುದು. ಹುಟ್ಟಿದ ಮೊದಲ ದಿನಗಳಲ್ಲಿ ಇಳಿದ ತೂಕ ಎರಡು ವಾರದ ಹೊತ್ತಿಗೆ ಮರಳಿ ಬಂದು, ಆಮೇಲೆ ಮೊದಲ ಮೂರು ತಿಂಗಳು ದಿನಕ್ಕೆ 20ರಿಂದ 30 ಗ್ರಾಂನಷ್ಟು ಏರುತ್ತಿದ್ದರೆ, ದಿನಕ್ಕೆ ಆರು ಸಲವಾದರೂ ಮೂತ್ರವಾಗುತ್ತಿದ್ದರೆ ಮಗುವಿಗೆ ಹಾಲು ಸಾಲುತ್ತಿದೆ ಎಂದೇ ಅರ್ಥ. ಲಸಿಕೆಗೆ ಹೋದಾಗಲೆಲ್ಲ ತೂಕವನ್ನು ತಾಯಿ ಕಾರ್ಡಿನಲ್ಲಿ ಬರೆಸಿ, ಅದರ ಪಟದಲ್ಲಿ ಗೆರೆ ಮೇಲೇರುತ್ತಿದೆಯೇ ನೋಡಿ. ಮಗುವಿನ ರಕ್ತಪರೀಕ್ಷೆ ಸಾಮಾನ್ಯವಾಗಿ ಬೇಕಾಗುವುದಿಲ್ಲ. ಮೇಲಿನ ಲಕ್ಷಣಗಳಲ್ಲಿ ಯಾವುದಾದರೂ ಕಂಡರೆ ಮಾತ್ರೆಯನ್ನು ನೀವೇ ನಿಲ್ಲಿಸದೆ ಅದೇ ದಿನ ಮಕ್ಕಳ ವೈದ್ಯರಿಗೆ ತೋರಿಸಿ; ಮಗು ಮಂಕಾಗಿರಲು ಸೋಂಕಿನಂಥ ಬೇರೆ ಕಾರಣಗಳೂ ಇರುತ್ತವೆ, ಅವು ಹೆಚ್ಚು ಅಪಾಯದವು.

ಮನೆಯವರಿಗೆ

ಸ್ಟ್ರಿಪ್ಪಿನ ಜೊತೆ ಬರುವ ಕಾಗದದಲ್ಲಿ ‘ಹಾಲೂಡಿಸುವವರಿಗೆ ಶಿಫಾರಸು ಮಾಡುವುದಿಲ್ಲ’ ಎಂದಿರುವುದನ್ನು ಓದಿ ಯಾರಾದರೊಬ್ಬರು ಗಾಬರಿಯಾಗುವುದು ಖಚಿತ. ಕಂಪನಿಗಳು ತಮ್ಮ ಕಾನೂನಿನ ರಕ್ಷಣೆಗಾಗಿ ಎಷ್ಟೋ ಔಷಧಗಳಿಗೆ ಈ ಸಾಲನ್ನು ಸೇರಿಸುತ್ತವೆ. ತಾಯಂದಿರ ಹಾಲನ್ನು ಅಳೆದು ನೋಡಿದ ಅಧ್ಯಯನಗಳ ಮಾಹಿತಿ ಅದರಲ್ಲಿರುವುದಿಲ್ಲ. ವೈದ್ಯರು ನೋಡುವ ಲ್ಯಾಕ್ಟ್‌ಮೆಡ್ ಎಂಬ ಮಾಹಿತಿ ಕೋಶ ಅಂತರ್ಜಾಲದಲ್ಲಿ ಉಚಿತವಾಗಿದೆ, ಇಂಗ್ಲಿಷ್ ಓದುವವರು ಮಾತ್ರೆಯ ಹೆಸರು ಹಾಕಿ ನೋಡಬಹುದು. ಔಷಧ ಅಂಗಡಿಯಲ್ಲಿ ‘ಬಾಣಂತಿಗಾ? ಬೇಡ ಬಿಡಿ’ ಎಂದು ಹೇಳಿದರೆ ಅಲ್ಲೇ ನಿರ್ಧರಿಸದೆ ವೈದ್ಯರಿಗೆ ಫೋನ್ ಮಾಡಿ. ಖರ್ಚಿನ ಚಿಂತೆಯಿದ್ದರೆ ಕಂಪನಿಯ ಹೆಸರಿನ ಬದಲು ಔಷಧದ ಮೂಲ ಹೆಸರಿನಲ್ಲಿ ಬರೆದುಕೊಡಲು ಕೇಳಿ ಜನೌಷಧಿ ಕೇಂದ್ರದಲ್ಲಿ ವಿಚಾರಿಸಿ.

ಅತ್ತೆಯವರಿಗಾಗಲಿ ಅಮ್ಮನಿಗಾಗಲಿ ಕೊಡಬಹುದಾದ ಅತಿ ಉಪಯುಕ್ತ ಕೆಲಸವೆಂದರೆ ರಾತ್ರಿಯ ಒಂದು ಪಾಳಿ. ಖಿನ್ನತೆಯಲ್ಲಿರುವ ತಾಯಿಗೆ ಒಂದೇ ಸಮನೆ ನಾಲ್ಕೈದು ಗಂಟೆಯ ನಿದ್ದೆ ಸಿಗುವುದು ಔಷಧಕ್ಕೆ ಸಮ. ಹಿಂಡಿಟ್ಟ ಹಾಲನ್ನು ಒಳಲೆಯಲ್ಲಿ ಕುಡಿಸುವುದು, ಬಟ್ಟೆ ಬದಲಿಸುವುದು, ತೇಗು ಬರಿಸಿ ಮಲಗಿಸುವುದು ಗಂಡನಿಗೂ ಬರುವ ಕೆಲಸಗಳೇ. ಕತ್ತಲೆ ಕೋಣೆಯಲ್ಲಿ, ಕಿವಿಗೆ ಹತ್ತಿಯಿಟ್ಟು, ಯಾರೊಂದಿಗೂ ಮಾತಿಲ್ಲದೆ ಕೂರಿಸುವ ಬಾಣಂತನ ಈ ಕಾಯಿಲೆಗೆ ಒಳ್ಳೆಯದಲ್ಲ. ಬೆಳಗಿನ ಬಿಸಿಲು, ತುಸು ನಡಿಗೆ, ಮಾತಾಡಿಸುವ ಗೆಳತಿ ಬೇಕು. ಎಣ್ಣೆನೀರು, ಸಾಂಬ್ರಾಣಿ, ಬೆಳ್ಳುಳ್ಳಿ ಸಾರು ಇರಲಿ, ಅವುಗಳೊಂದಿಗೆ ಜಗಳವಿಲ್ಲ. ಖಿನ್ನತೆ ಹಗುರವಾಗಿದ್ದರೆ ಆಪ್ತಸಮಾಲೋಚನೆ, ಮಾತಿನ ಚಿಕಿತ್ಸೆ ಇಷ್ಟೇ ಸಾಕಾಗಬಹುದು. ಮಧ್ಯಮ ಅಥವಾ ತೀವ್ರವಾಗಿದ್ದರೆ ಮಾತ್ರೆಯ ಜೊತೆಗೆ ಅದೂ ಇರಬೇಕು.

ಹಾಲು ನಿಲ್ಲಿಸಲೇಬೇಕಾದ ಸಂದರ್ಭಗಳು ಕಡಿಮೆ. ಕ್ಲೊಜಪಿನ್ ತೆಗೆದುಕೊಳ್ಳಬೇಕಾದವರಿಗೆ ಬೇಡವೆನ್ನುತ್ತಾರೆ, ಲಿಥಿಯಂ ಆದರೆ ಮಗುವಿನ ರಕ್ತಪರೀಕ್ಷೆಗಳ ಸಮೇತ ಬಹಳ ಎಚ್ಚರ ಬೇಕು. ಇವು ಖಿನ್ನತೆಯೊಂದಕ್ಕೇ ಕೊಡುವ ಮೊದಲ ಮಾತ್ರೆಗಳೇನಲ್ಲ. ರಾತ್ರಿಯಿಡೀ ಹಾಲೂಡಿಸುವುದೇ ಸಂಕಟವಾಗಿ, ಸ್ವಲ್ಪ ಫಾರ್ಮುಲಾ ಹಾಲು ಸೇರಿಸಿದರೆ ತಾಯಿ ಚೇತರಿಸಿಕೊಳ್ಳುತ್ತಾಳೆ ಎನ್ನುವುದಾದರೆ ಸೇರಿಸಲಿ. ಆರು ತಿಂಗಳು ಬರೀ ಎದೆಹಾಲು ಎಂಬ ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯನ್ನು ಕಾಯಿಲೆಯ ತಾಯಿಯ ಮೇಲೆ ಕೋಲಿನಂತೆ ಬೀಸುವುದು ನನಗೆ ಸರಿಕಾಣುವುದಿಲ್ಲ. ಪೂರ್ತಿ ನಿಲ್ಲಿಸುವ ನಿರ್ಧಾರವಾದರೆ ಹಾಲು ಬತ್ತಿಸುವ ಬ್ರೊಮೊಕ್ರಿಪ್ಟಿನ್, ಕ್ಯಾಬರ್ಗೊಲಿನ್ ಮಾತ್ರೆಗಳನ್ನು ಮನೋವೈದ್ಯರಿಗೆ ಹೇಳದೆ ತೆಗೆದುಕೊಳ್ಳಬಾರದು. ಅವು ಮನಸ್ಸಿನ ಸ್ಥಿತಿಯನ್ನು ಕೆಡಿಸಿ ಉನ್ಮಾದ, ಭ್ರಮೆ ತಂದ ಉದಾಹರಣೆಗಳಿವೆ.

ನಿಲ್ಲಿಸುವುದು

ಮನಸ್ಸು ಹಗುರವಾಯಿತು, ಮಗುವಿನ ನಗು ನೋಡಿ ನಗು ಬಂತು ಎಂದ ಕೂಡಲೇ ಮಾತ್ರೆ ಸಾಕು ಎನಿಸುತ್ತದೆ. ಪೂರ್ಣ ಗುಣವಾದ ಮೇಲೂ ಕನಿಷ್ಠ ಆರು ತಿಂಗಳು, ಹಿಂದೆ ಬಂದಿದ್ದವರಿಗೆ ಒಂದು ವರ್ಷ ಅಥವಾ ಅದಕ್ಕೂ ಹೆಚ್ಚು ಮುಂದುವರಿಸುವುದು ವಾಡಿಕೆ. ಮೊದಲೇ ಬಿಟ್ಟರೆ ಕಾಯಿಲೆ ಮರಳುವ ಸಂಭವ ಹೆಚ್ಚು. ನಿಲ್ಲಿಸುವಾಗ ವೈದ್ಯರು ಪ್ರಮಾಣವನ್ನು ವಾರಗಳ ಅಂತರದಲ್ಲಿ ಇಳಿಸುತ್ತ ಬರುತ್ತಾರೆ. ಒಮ್ಮೆಲೇ ಬಿಟ್ಟರೆ ತಲೆಸುತ್ತು, ತಲೆಯೊಳಗೆ ಕರೆಂಟ್ ಹೊಡೆದಂತಹ ಅನುಭವ, ಸಿಡುಕು, ವಿಚಿತ್ರ ಕನಸುಗಳು ಬರಬಹುದು. ಇದನ್ನು ನೋಡಿ ಚಟ ಹತ್ತಿದೆ ಎಂದುಕೊಳ್ಳುವವರಿದ್ದಾರೆ. ಈ ಮಾತ್ರೆಗಳಿಗೆ ಚಟ ಹತ್ತುವುದಿಲ್ಲ, ದೇಹಕ್ಕೆ ಹೊಂದಿಕೊಳ್ಳಲು ಕಾಲಾವಕಾಶ ಬೇಕು ಅಷ್ಟೇ.

ಸಮಯವನ್ನೂ ನೋಡಬೇಕು. ಬೆಂಗಳೂರಿನ ದುಡಿಯುವ ತಾಯಂದಿರಿಗೆ 26 ವಾರದ ಹೆರಿಗೆ ರಜೆ ಮುಗಿಯುವ ತಿಂಗಳಲ್ಲೇ ತವರಿನಿಂದ ವಾಪಸಾಗುವುದು, ಮಗುವಿಗೆ ಮೇಲೂಟ ಆರಂಭಿಸುವುದು, ಶಿಶುವಿಹಾರ ಹುಡುಕುವುದು, ಆಫೀಸಿಗೆ ಹೋಗಿಬರುವ ಟ್ರಾಫಿಕ್ ಎಲ್ಲವೂ ಒಟ್ಟಿಗೆ ಬಂದು ಕೂರುತ್ತವೆ. ಅದೇ ತಿಂಗಳು ಮಾತ್ರೆಯನ್ನೂ ಇಳಿಸಲು ಹೋಗಬಾರದು. ಒಂದು ಬದಲಾವಣೆ ನೆಲೆಗೊಂಡ ಮೇಲೆ ಇನ್ನೊಂದು. ಹಾಲು ಬಿಡಿಸುವುದು ಮತ್ತು ಮಾತ್ರೆ ಬಿಡುವುದರ ನಡುವೆಯೂ ಕೆಲವು ವಾರಗಳ ಅಂತರವಿರಲಿ. ಯಾವ ಮಾತ್ರೆ, ಎಷ್ಟು ಪ್ರಮಾಣ, ಎಷ್ಟು ತಿಂಗಳು ತೆಗೆದುಕೊಂಡಿರಿ, ಯಾವುದು ಹಿಡಿಯಿತು, ಯಾವುದು ಹಿಡಿಯಲಿಲ್ಲ ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಮಗುವಿನ ತಾಯಿ ಕಾರ್ಡಿನೊಳಗೆ ಇಡಿ. ಒಮ್ಮೆ ಬಂದ ಖಿನ್ನತೆ ಮುಂದಿನ ಹೆರಿಗೆಯ ನಂತರವೂ ಬರುವ ಸಂಭವ ಹೆಚ್ಚಿರುವುದರಿಂದ, ಎರಡನೆಯ ಬಸಿರು ಬೇಕೆಂದು ಯೋಚಿಸುವಾಗಲೇ ಆ ಹಾಳೆಯನ್ನು ಸ್ತ್ರೀರೋಗ ತಜ್ಞರಿಗೂ ಮನೋವೈದ್ಯರಿಗೂ ತೋರಿಸಬೇಕು.